ಹಲಸಿನ ಹಣ್ಣು, ಸಿಹಿಗುಂಬಳ: ಹಸುವಿಗೆ ಯಾವುದು ಎಷ್ಟು?



ಮೇ ತಿಂಗಳು ಮುಗಿಯುತ್ತ ಬಂದಂತೆ ಜೋಯಿಡಾ ತಾಲೂಕಿನ ಹಳ್ಳಿಗಳಿಂದ ಬರುವ ಫೋನ್ ಕರೆಗಳೇ ಬೇರೆಯಾಗುತ್ತವೆ. ಬೇಸಿಗೆಯಲ್ಲಿ "ಹಸು ಬೆದೆಗೆ ಬರ್ತಾ ಇಲ್ಲ", "ಹಾಲು ಇಳಿದುಹೋಯ್ತು" ಎನ್ನುವ ಕರೆಗಳು ಹೆಚ್ಚು. ನಾಲ್ಕು ಮಳೆ ಬಿದ್ದ ಮೇಲೆ "ಮೇವು ಮುಟ್ತಾ ಇಲ್ಲ, ಹೊಟ್ಟೆ ಉಬ್ಬಿದೆ, ಕುಡಿದವರ ಹಾಗೆ ಓಲಾಡ್ತದೆ" ಎನ್ನುವ ಕರೆಗಳು ಶುರುವಾಗುತ್ತವೆ. ಆಗ ನಾವು ಕೇಳುವ ಮೊದಲ ಪ್ರಶ್ನೆ ಒಂದೇ: "ಹಲಸಿನ ಹಣ್ಣು ತಿಂದಿದೆಯಾ ಅಕ್ಕಾ?" ಹೆಚ್ಚಿನ ಸಲ ಉತ್ತರ ಹೌದು ಎಂದೇ ಇರುತ್ತದೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ನಾವೂ ಅದೇ ಹಣ್ಣು ತಿಂದಿದ್ದೇವಲ್ಲ ಡಾಕ್ಟ್ರೇ, ನಮಗೇನೂ ಆಗ್ಲಿಲ್ಲ. ದನಕ್ಕೆ ಹೇಗೆ ವಿಷ ಆಗ್ತದೆ?"

ಇದು ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ತಿಳಿದವರ ಕೊಟ್ಟಿಗೆಯಲ್ಲಿ ಹಲಸಿನಿಂದ ಹಸು ಸಾಯುವುದು ಅಪರೂಪ. ಅದಕ್ಕಾಗಿ ಈ ತಿಂಗಳ ಪಾಠಕ್ಕೆ ನಿಮ್ಮ ಹಿತ್ತಲಿನಿಂದಲೇ ಒಂದು ಹಣ್ಣು, ಒಂದು ತರಕಾರಿ ಆರಿಸಿಕೊಂಡಿದ್ದೇವೆ. ಹಣ್ಣು ಹಲಸು, ನಮ್ಮ ಕುಣಬಿ ತಾಯಂದಿರು ಕೊಂಕಣಿಯಲ್ಲಿ ಪಣಸ ಎನ್ನುವುದು. ತರಕಾರಿ ಸಿಹಿಗುಂಬಳ, ಅಂದರೆ ಒಳಗೆ ಕೆಂಪು-ಹಳದಿ ತಿರುಳಿರುವ ಕುಂಬಳಕಾಯಿ. ಎರಡೂ ನಿಮ್ಮಲ್ಲಿ ದುಡ್ಡು ಕೊಡದೆ ಸಿಗುತ್ತವೆ. ಎರಡನ್ನೂ ದನಕ್ಕೆ ಹಾಕುತ್ತೀರಿ. ಆದರೆ ಎರಡರ ಗುಣ ಬೇರೆ, ಲೆಕ್ಕವೂ ಬೇರೆ.

ಮೊದಲು ನಮ್ಮ ತಟ್ಟೆಯ ಲೆಕ್ಕ

ತಿನ್ನುವ ಭಾಗವನ್ನು ಮಾತ್ರ ತೂಗಿ 100 ಗ್ರಾಂ ತೆಗೆದುಕೊಳ್ಳೋಣ. ಅಂದರೆ ಬೀಜ ತೆಗೆದ ಹಲಸಿನ ತೊಳೆ, ಸಿಪ್ಪೆ-ಬೀಜ ತೆಗೆದ ಕುಂಬಳದ ಹೋಳು. ತಳಿ, ಮಣ್ಣು, ಹಣ್ಣಾದ ಹದ ನೋಡಿ ಅಂಕಿಗಳು ಸ್ವಲ್ಪ ಹೆಚ್ಚು-ಕಡಿಮೆ ಆಗುತ್ತವೆ. ಅಂದಾಜು ಹೀಗಿದೆ:

ನೀರು: ಹಲಸಿನಲ್ಲಿ ಸುಮಾರು 76 ಗ್ರಾಂ, ಕುಂಬಳದಲ್ಲಿ ಸುಮಾರು 92 ಗ್ರಾಂ.
ಸಕ್ಕರೆ ಮತ್ತು ಪಿಷ್ಟ: ಹಲಸಿನಲ್ಲಿ ಸುಮಾರು 20 ಗ್ರಾಂ, ಕುಂಬಳದಲ್ಲಿ ಸುಮಾರು 5 ಗ್ರಾಂ.
ಪ್ರೋಟೀನ್: ಹಲಸಿನಲ್ಲಿ 2 ಗ್ರಾಂಗೆ ಸ್ವಲ್ಪ ಕಡಿಮೆ, ಕುಂಬಳದಲ್ಲಿ 1 ಗ್ರಾಂಗೆ ಸ್ವಲ್ಪ ಹೆಚ್ಚು.
ಶಕ್ತಿ: ಹಲಸಿನಲ್ಲಿ ಸುಮಾರು 90 ಕ್ಯಾಲೊರಿ, ಕುಂಬಳದಲ್ಲಿ ಸುಮಾರು 25 ಕ್ಯಾಲೊರಿ.
ಎ ಜೀವಸತ್ವ ಆಗುವ ಕೆರೋಟಿನ್: ಹಲಸಿನಲ್ಲಿ ಸ್ವಲ್ಪ, ಕೆಂಪು ತಿರುಳಿನ ಕುಂಬಳದಲ್ಲಿ ಅದರ ಎಷ್ಟೋ ಪಟ್ಟು.
ಕೊಬ್ಬು: ಎರಡರಲ್ಲೂ ಇಲ್ಲವೆನ್ನುವಷ್ಟು ಕಡಿಮೆ.

ಇದನ್ನು ನಮ್ಮ ಊಟಕ್ಕೆ ಹೊಂದಿಸಿ ನೋಡಿ. ಗದ್ದೆ ಕೆಲಸ ಮಾಡಿ ಬಂದವರಿಗೆ ಹತ್ತು ತೊಳೆ ಹಲಸು ತಕ್ಷಣ ಶಕ್ತಿ ಕೊಡುತ್ತದೆ. ಸಕ್ಕರೆ ಕಾಯಿಲೆ ಇರುವ ಅತ್ತೆಯವರಿಗೆ ಅದೇ ಹತ್ತು ತೊಳೆ ತೊಂದರೆ ಕೊಡುತ್ತದೆ. ಬಸುರಿಯರಿಗೆ, ಎದೆಹಾಲು ಕೊಡುವವರಿಗೆ, ಸಣ್ಣ ಮಕ್ಕಳಿಗೆ ಕಣ್ಣಿಗೂ ಮೈಗೂ ಬೇಕಾದ ಎ ಜೀವಸತ್ವ ಕುಂಬಳದ ಪಲ್ಯ, ಹುಳಿಯಲ್ಲಿ ಸಿಗುತ್ತದೆ. ಒಗ್ಗರಣೆಯ ಎಣ್ಣೆ ಸೇರಿದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಹೀಗಾಗಿ "ಹಲಸು ಮೇಲೋ ಕುಂಬಳ ಮೇಲೋ" ಎಂದು ಕೇಳಿದರೆ, ತಿನ್ನುವವರು ಯಾರು ಎಂದು ನಾವು ಮರಳಿ ಕೇಳಬೇಕಾಗುತ್ತದೆ. ಈಗ ತಿನ್ನುವವಳು ನಿಮ್ಮ ಹಸು ಎಂದುಕೊಳ್ಳಿ.

ನೀರು ತೆಗೆದು ಲೆಕ್ಕ ಹಾಕಿ

ದನದ ಮೇವನ್ನು ಅಳೆಯುವಾಗ ನಾವು ವೈದ್ಯರು ನೀರನ್ನು ಬಿಟ್ಟು ಲೆಕ್ಕ ಹಾಕುತ್ತೇವೆ. ಒಣಗಿಸಿದರೆ ಉಳಿಯುವ ಭಾಗಕ್ಕೆ ಒಣ ಅಂಶ ಎನ್ನುತ್ತೇವೆ. ಹಸುವಿನ ಹಸಿವನ್ನು ತಣಿಸುವುದೂ, ಹಾಲಾಗುವುದೂ ಈ ಒಣ ಅಂಶವೇ. 350 ಕಿಲೊ ತೂಗುವ ಮಿಶ್ರತಳಿ ಹಸುವಿಗೆ ದಿನಕ್ಕೆ 9ರಿಂದ 10 ಕಿಲೊ ಒಣ ಅಂಶ ಬೇಕು.

ಹಲಸಿನ ತೊಳೆ 10 ಕಿಲೊ ಕೊಟ್ಟರೆ ಒಣ ಅಂಶ ಸುಮಾರು 2.4 ಕಿಲೊ. ಅದರಲ್ಲಿ 2 ಕಿಲೊ ಬರೀ ಸಕ್ಕರೆ ಮತ್ತು ಪಿಷ್ಟ. ಪ್ರೋಟೀನ್ 180 ಗ್ರಾಂ ಆಸುಪಾಸು.

ಸಿಹಿಗುಂಬಳ 10 ಕಿಲೊ ಕೊಟ್ಟರೆ ಒಣ ಅಂಶ ಸುಮಾರು 800 ಗ್ರಾಂ. ಅದರಲ್ಲಿ ಸಕ್ಕರೆ ಮತ್ತು ಪಿಷ್ಟ ಅರ್ಧ ಕಿಲೊ. ಪ್ರೋಟೀನ್ 100ರಿಂದ 120 ಗ್ರಾಂ.

ಈಗ ನೀವು ಸಂಘದಿಂದ ತರುವ ಪಶು ಆಹಾರದ ಜೊತೆ ಹೋಲಿಸಿ. 20 ಪ್ರತಿಶತ ಪ್ರೋಟೀನ್ ಇರುವ ಪಶು ಆಹಾರ 1 ಕಿಲೊ ಹಾಕಿದರೆ ಅದರಲ್ಲೇ 200 ಗ್ರಾಂ ಪ್ರೋಟೀನ್ ಇರುತ್ತದೆ. ಒಂದು ಬುಟ್ಟಿ ಕುಂಬಳವಾಗಲಿ, ಒಂದು ಬುಟ್ಟಿ ಹಲಸಾಗಲಿ ಒಂದು ಕಿಲೊ ಪಶು ಆಹಾರದ ಪ್ರೋಟೀನಿಗೆ ಸಮ ಆಗುವುದಿಲ್ಲ. ಆದ್ದರಿಂದ "ಹಲಸು ಹಾಕ್ತೇನೆ, ಹಿಂಡಿ ಕಡಿಮೆ ಮಾಡ್ತೇನೆ" ಎನ್ನುವ ಲೆಕ್ಕ ನಿಮ್ಮ ಹಾಲಿನ ಪಾಸ್‌ಬುಕ್‌ಗೆ ನಷ್ಟದ ಲೆಕ್ಕ.

ಈ ಲೆಕ್ಕದಲ್ಲಿ ಇನ್ನೊಂದು ವಿಷಯ ನೋಡಿ. ನೀರು ತೆಗೆದರೆ ಹಲಸಿನಲ್ಲಿ ಉಳಿಯುವುದರ ಐದರಲ್ಲಿ ನಾಲ್ಕು ಪಾಲು ಸಕ್ಕರೆ-ಪಿಷ್ಟ. ಕುಂಬಳದಲ್ಲಿ ಸಕ್ಕರೆಯ ಪಾಲು ಕಡಿಮೆ, ಪ್ರೋಟೀನಿನ ಪಾಲು ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಕುಂಬಳದಲ್ಲಿ ನೀರು ಎಷ್ಟು ತುಂಬಿದೆಯೆಂದರೆ ಹಸು ಹೊಟ್ಟೆ ತುಂಬ ತಿಂದರೂ ಒಳಗೆ ಹೋಗುವ ಸಕ್ಕರೆ ಮಿತಿಯಲ್ಲೇ ಇರುತ್ತದೆ. ಹಲಸು ಹಾಗಲ್ಲ. ಒಂದೇ ತಾಸಿನಲ್ಲಿ 20 ಕಿಲೊ ತೊಳೆ ತಿಂದ ಹಸುವಿನ ಹೊಟ್ಟೆಗೆ 4 ಕಿಲೊ ಸಕ್ಕರೆ ಸುರಿದಂತೆ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಸಕ್ಕರೆ ತರುತ್ತೀರಿ ಎಂದು ನೆನಪಿಸಿಕೊಳ್ಳಿ.

ಹಸುವಿನ ಹೊಟ್ಟೆಯೊಳಗೆ ಏನಾಗುತ್ತದೆ?

ನಮ್ಮ ಹೊಟ್ಟೆಗೆ ಬಿದ್ದ ಸಕ್ಕರೆ ಕರುಳಿನಿಂದ ನೇರ ರಕ್ತಕ್ಕೆ ಹೋಗುತ್ತದೆ. ಹಸು, ಎಮ್ಮೆಗಳಲ್ಲಿ ಹಾಗಾಗುವುದಿಲ್ಲ. ತಿಂದದ್ದೆಲ್ಲ ಮೊದಲು ಎಡಬದಿಯ ದೊಡ್ಡ ಹೊಟ್ಟೆಗೆ ಹೋಗುತ್ತದೆ. ಆ ದೊಡ್ಡ ಹೊಟ್ಟೆ ನಿಮ್ಮ ಮನೆಯ ದೋಸೆ ಹಿಟ್ಟಿನ ಪಾತ್ರೆ ಇದ್ದ ಹಾಗೆ. ಅದರಲ್ಲಿ ಕಣ್ಣಿಗೆ ಕಾಣದ ಕೋಟಿ ಕೋಟಿ ಸೂಕ್ಷ್ಮ ಜೀವಿಗಳಿವೆ. ಹುಲ್ಲಿನ ನಾರನ್ನು ಕರಗಿಸುವುದು ಅವುಗಳ ಕೆಲಸ. ಹಸು ಹುಲ್ಲು ತಿಂದು ಬದುಕುವುದು ಅವುಗಳಿಂದಲೇ.

ಈ ಜೀವಿಗಳಲ್ಲಿ ಎರಡು ಗುಂಪು ಎಂದು ತಿಳಿದುಕೊಳ್ಳಿ. ಒಂದು ಗುಂಪು ನಾರು ತಿನ್ನುತ್ತದೆ. ಅದು ನಿಧಾನ, ಆದರೆ ಹಾಲಿನ ಫ್ಯಾಟ್‌ಗೆ ಬೇಕಾದ ಅಂಶ ತಯಾರಿಸುವುದು ಅದೇ. ಇನ್ನೊಂದು ಗುಂಪು ಸಕ್ಕರೆ ತಿನ್ನುತ್ತದೆ. ಅದು ಬಹಳ ವೇಗವಾಗಿ ಹೆಚ್ಚುತ್ತದೆ, ಹೆಚ್ಚಿದಂತೆ ಹುಳಿಯನ್ನು ಹೊರಬಿಡುತ್ತದೆ. ಸೆಕೆ ದಿನ ದೋಸೆ ಹಿಟ್ಟು ಉಕ್ಕಿ ಹುಳಿಯಾಗುವುದನ್ನು ನೋಡಿದ್ದೀರಲ್ಲ, ಅದೇ ಕೆಲಸ ಇಲ್ಲಿ ನಡೆಯುತ್ತದೆ. ಹೊಟ್ಟೆ ಹುಳಿಯಾಯಿತೆಂದರೆ ನಾರು ತಿನ್ನುವ ಗುಂಪು ಸಾಯತೊಡಗುತ್ತದೆ. ಮೆಲುಕು ನಿಲ್ಲುತ್ತದೆ. ಹುಳಿ ಹೆಚ್ಚಿದ ಹೊಟ್ಟೆ ರಕ್ತದಿಂದ ನೀರನ್ನು ಎಳೆದುಕೊಳ್ಳುತ್ತದೆ. ಹೊಟ್ಟೆಯಲ್ಲಿ ನೀರು ಕುಲುಕುತ್ತದೆ, ಮೈ ಮಾತ್ರ ಒಣಗುತ್ತದೆ, ಕಣ್ಣು ಗುಳಿಬೀಳುತ್ತದೆ. ಕೊನೆಗೆ ಹುಳಿ ರಕ್ತಕ್ಕೂ ಸೇರುತ್ತದೆ. ಆ ಹಂತದಲ್ಲಿ ಹಸು ಓಲಾಡುತ್ತದೆ, ಬೀಳುತ್ತದೆ. "ಹುಳಿತ ಹಣ್ಣು ತಿಂದು ಅಮಲಾಗಿದೆ, ಇಳಿದರೆ ಸರಿಹೋಗ್ತದೆ" ಎಂದು ನಗುತ್ತ ಕಾಯುವವರಿದ್ದಾರೆ. ದಯವಿಟ್ಟು ಕಾಯಬೇಡಿ. ಅದು ಹುಳಿ ರಕ್ತಕ್ಕೆ ಏರಿದ ಲಕ್ಷಣ.

ಇದನ್ನು ತಡೆಯುವ ಒಂದು ಔಷಧ ಹಸುವಿನ ಬಾಯಲ್ಲೇ ಇದೆ. ಅದು ಜೊಲ್ಲು. ದೊಡ್ಡ ಹಸುವೊಂದು ದಿನಕ್ಕೆ 100 ಲೀಟರ್ ಆಸುಪಾಸು ಜೊಲ್ಲು ನುಂಗುತ್ತದೆ. ಅದರಲ್ಲಿ ಸೋಡಾ ಅಂಶ ಇರುವುದರಿಂದ ಹೊಟ್ಟೆಯ ಹುಳಿ ಮುರಿಯುತ್ತದೆ. ಆದರೆ ಜೊಲ್ಲು ಸುರಿಯಬೇಕಾದರೆ ಹಸು ಅಗಿಯಬೇಕು, ಮೆಲುಕು ಹಾಕಬೇಕು. ಭತ್ತದ ಹುಲ್ಲನ್ನು ಬಹಳ ಹೊತ್ತು ಅಗಿಯುತ್ತದೆ. ಕುಂಬಳದ ಹೋಳನ್ನೂ ಸ್ವಲ್ಪ ಅಗಿಯುತ್ತದೆ. ಹಣ್ಣಾದ ಹಲಸು, ಅದರಲ್ಲೂ ಅಂಬಲಿ ಹಲಸು, ಬಾಯಿಗಿಟ್ಟ ತಕ್ಷಣ ಜಾರಿ ಒಳಗೆ ಹೋಗುತ್ತದೆ. ಹುಳಿ ಮಾಡುವ ಸಕ್ಕರೆ ತುಂಬ ಹೋಯಿತು, ಹುಳಿ ಮುರಿಯುವ ಜೊಲ್ಲು ಹೋಗಲೇ ಇಲ್ಲ. ಅಪಾಯ ಬರುವುದು ಹೀಗೆ. ಬಕ್ಕೆ ಹಲಸು ಗಟ್ಟಿಯಿದ್ದರೂ ಸಕ್ಕರೆಯ ಲೆಕ್ಕದಲ್ಲಿ ಅದೂ ಕಡಿಮೆಯೇನಲ್ಲ.

ಹಳಿಯಾಳ, ಮುಂಡಗೋಡ ಕಡೆಯ ಅಕ್ಕಂದಿರು "ನಮ್ಮಲ್ಲಿ ಅಷ್ಟು ಹಲಸಿಲ್ಲ" ಎಂದು ಪುಟ ತಿರುವಬೇಡಿ. ನಿಮ್ಮಲ್ಲಿ ಗೋವಿನಜೋಳದ ರಾಶಿ ಇದೆ. ಕಣದಲ್ಲಿ ಹಗ್ಗ ಬಿಚ್ಚಿಕೊಂಡ ಹಸು ಜೋಳದ ಕಾಳು ಮುಕ್ಕಿದರೂ, ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಬಾನಿಗೆ ಸುರಿದರೂ ಬರುವ ಕಾಯಿಲೆ ಇದೇ. ಲಕ್ಷಣವೂ ಇದೇ, ಉಪಚಾರವೂ ಇದೇ.

ಗಿಡ್ಡ ಹಸುವಿಗೆ ಅಪಾಯ ಹೆಚ್ಚು

ನಮ್ಮ ತಾಲೂಕಿನಲ್ಲಿ ಮಲೆನಾಡು ಗಿಡ್ಡ ತಳಿಯ ಹಸುಗಳು ಬಹಳ ಇವೆ. ಕಾಡಂಚಿನಲ್ಲಿ ಮೇಯ್ದು ಬರುತ್ತವೆ, ಕಾಯಿಲೆ ಕಡಿಮೆ, ಖರ್ಚು ಕಡಿಮೆ. ಆದರೆ ಅವುಗಳ ತೂಕ ಮಿಶ್ರತಳಿ ಹಸುವಿನ ಮೂರರಲ್ಲಿ ಒಂದು ಪಾಲಿನಷ್ಟೇ. ಅಂದರೆ ಗಿಡ್ಡ ಹಸು ಒಂದು ಹಣ್ಣು ತಿಂದರೆ ಜರ್ಸಿ ಹಸು ಮೂರು ಹಣ್ಣು ತಿಂದ ಹಾಗೆ. "ಕಾಡಿನ ದನ, ಏನು ತಿಂದರೂ ಅರಗಿಸಿಕೊಳ್ತದೆ" ಎನ್ನುವ ಮಾತು ಹಲಸಿಗೆ ಹೊಂದುವುದಿಲ್ಲ. ಮೇಯಲು ಬಿಟ್ಟ ದನ ಎಲ್ಲಿ ಎಷ್ಟು ತಿಂದಿತು ಎಂದು ನೋಡಿದವರೂ ಇರುವುದಿಲ್ಲ. ಹಣ್ಣು ಬೀಳುವ ಕಾಲದಲ್ಲಿ ಬೆಳಿಗ್ಗೆ ದನ ಬಿಡುವ ಮೊದಲು ಹೊಟ್ಟೆ ತುಂಬ ಒಣಹುಲ್ಲು ಹಾಕಿ ಬಿಡಿ. ಹಸಿದ ದನ ಮರದಡಿಗೆ ಮುಟ್ಟಿದರೆ ಅಪಾಯ. ಹೊಟ್ಟೆ ತುಂಬಿದ ದನ ನಾಲ್ಕು ತೊಳೆ ತಿಂದು ಮುಂದೆ ಹೋಗುತ್ತದೆ.

ಒಂದು ಮನೆಯ ಉದಾಹರಣೆ

ಕಳೆದ ವರ್ಷ ನಾವು ಉಪಚಾರ ಮಾಡಿದ ಒಂದು ಹಸುವಿನ ವಿಷಯ ಹೇಳುತ್ತೇವೆ. ಎರಡನೇ ಕರು ಹಾಕಿದ ಮಿಶ್ರತಳಿ ಹಸು, ದಿನಕ್ಕೆ 12 ಲೀಟರ್ ಹಾಲು. ಮನೆಯಲ್ಲಿ ನೆಂಟರು ಬಂದಿದ್ದರು, ಹಲಸಿನ ಹಣ್ಣಿನ ಕಡುಬು ಮಾಡಿದ್ದರು. ಉಳಿದ ಹಣ್ಣು, ಗೂಂಜು, ನಾರು ಎಲ್ಲ ಎರಡು ಬುಟ್ಟಿ ಆಗಿತ್ತು. ಮನೆಯ ಹುಡುಗ ಪ್ರೀತಿಯಿಂದಲೇ ಸಂಜೆ ಎರಡೂ ಬುಟ್ಟಿಯನ್ನು ಹಸುವಿನ ಮುಂದೆ ಸುರಿದ. ಬೆಳಿಗ್ಗೆ ಹಾಲು ಕರೆಯಲು ಕೂತ ಆ ತಾಯಿಗೆ 6 ಲೀಟರ್ ಬರಬೇಕಾದಲ್ಲಿ ಒಂದು ಲೀಟರೂ ಬರಲಿಲ್ಲ. ಸೆಗಣಿ ನೀರಾಗಿತ್ತು, ಹುಳಿ ವಾಸನೆ ಇತ್ತು, ಅದರಲ್ಲಿ ಇಡೀ ಬೀಜಗಳಿದ್ದವು.

ನೆರೆಯವರು ಗಂಜಿ ಕುಡಿಸಿ ಎಂದರು. ಆಕೆ ಕುಡಿಸಲಿಲ್ಲ. ಸಂಘದ ಸಭೆಯಲ್ಲಿ ಕೇಳಿದ್ದು ನೆನಪಿತ್ತು. ಫೋನ್ ಸಿಗ್ನಲ್ ಸಿಗುವ ದಿಬ್ಬಕ್ಕೆ ಮಗನನ್ನು ಓಡಿಸಿ ಕರೆ ಮಾಡಿಸಿದರು, ಅಷ್ಟರಲ್ಲಿ ಹಸುವಿನ ಮುಂದಿದ್ದ ಎಲ್ಲ ಹಣ್ಣು ತೆಗೆದು ಒಣಹುಲ್ಲು ಇಟ್ಟರು. ನಾವು ಮುಟ್ಟುವಾಗ ಹಸು ಇನ್ನೂ ನಿಂತಿತ್ತು. ರಕ್ತನಾಳಕ್ಕೆ ದ್ರವ ಕೊಟ್ಟೆವು, ಹುಳಿ ಮುರಿಯುವ ಔಷಧ ಕೊಟ್ಟೆವು. ಮೂರನೇ ದಿನ ಮೆಲುಕು ಹಾಕಿತು. ಹಸು ಉಳಿಯಿತು. ಆದರೆ ಆ ಸೂಲಿನಲ್ಲಿ ಹಾಲು 8 ಲೀಟರ್ ದಾಟಲಿಲ್ಲ. ತಿಂಗಳ ಮೇಲೆ ಗೊರಸು ನೋವಿನಿಂದ ಕುಂಟತೊಡಗಿತು, ಅದಕ್ಕೂ ಉಪಚಾರ ಬೇಕಾಯಿತು. ದಿನಕ್ಕೆ 4 ಲೀಟರಿನಂತೆ ಉಳಿದ ತಿಂಗಳುಗಳ ನಷ್ಟ ಲೆಕ್ಕ ಹಾಕಿ. ಎರಡು ಬುಟ್ಟಿ ಹಲಸಿನ ಬೆಲೆ ಅದು.

ಹಾಗಾದರೆ ಹಲಸು ಹಾಕಲೇಬಾರದೇ?

ಹಾಕಬಹುದು. ಮರದಡಿ ಕೊಳೆತು ಹೋಗುವ ಹಣ್ಣಿನಲ್ಲಿ ಶಕ್ತಿ ಇದೆ, ಅದನ್ನು ವ್ಯರ್ಥ ಮಾಡುವ ಅಗತ್ಯವಿಲ್ಲ. ಆದರೆ ಅಳತೆ ಇರಲಿ, ಅಭ್ಯಾಸ ಮಾಡಿಸಿ ಕೊಡಿ.

1. ಮಿಶ್ರತಳಿ ದೊಡ್ಡ ಹಸುವಿಗೆ ಮೊದಲ ದಿನ 1 ಕಿಲೊ. ಹತ್ತು ದಿನಗಳಲ್ಲಿ ನಿಧಾನ ಹೆಚ್ಚಿಸುತ್ತ ದಿನಕ್ಕೆ 4 ಕಿಲೊ ತನಕ. ಅದನ್ನೂ ಎರಡು ಹೊತ್ತಿಗೆ ಹಂಚಿ. ಇದರ ಮೇಲೆ ಬೇಡ.
2. ಗಿಡ್ಡ ಹಸುವಿಗೆ ಕಾಲು ಕಿಲೊದಿಂದ ಶುರು ಮಾಡಿ, ಹೆಚ್ಚೆಂದರೆ 1 ಕಿಲೊ.
3. ಹುಲ್ಲು ತಿಂದ ಮೇಲೆ ಕೊಡಿ, ಖಾಲಿ ಹೊಟ್ಟೆಗೆ ಬೇಡ.
4. ಬೀಜ ತೆಗೆಯಿರಿ. ಇಡೀ ಬೀಜ ಅರಗದೆ ಹಾಗೇ ಹೊರಬರುತ್ತದೆ, ಕೆಲವೊಮ್ಮೆ ಗಂಟಲಲ್ಲಿ ಸಿಕ್ಕಿಬೀಳುತ್ತದೆ. ಬೀಜದಲ್ಲಿ ತೊಳೆಗಿಂತ ಹೆಚ್ಚು ಪ್ರೋಟೀನ್ ಇದೆ, ಮನೆಯ ಸಾರು-ಪಲ್ಯಕ್ಕೆ ಇಟ್ಟುಕೊಳ್ಳಿ. ದನಕ್ಕೆ ಹಾಕುವುದಾದರೆ ಬೇಯಿಸಿ, ಜಜ್ಜಿ, ಒಂದು ಹಿಡಿ ಮಾತ್ರ ಹಾಕಿ.
5. ಹುಳಿತ, ಬೂಷ್ಟು ಹಿಡಿದ ಹಣ್ಣು ಬೇಡವೇ ಬೇಡ.
6. ಆರು ತಿಂಗಳ ಒಳಗಿನ ಕರು, ತುಂಬು ಗಬ್ಬದ ಹಸು, ಕರು ಹಾಕಿ ಎರಡು ವಾರ ಆಗದ ಹಸು, ಇವುಗಳಿಗೆ ಹಲಸು ಕೊಡಬೇಡಿ.
7. ಕರೆದ ಮೇಲೆ ಕೊಡಿ. ಕರೆಯುವ ಮೊದಲು ಕೊಟ್ಟರೆ ಹಣ್ಣಿನ ವಾಸನೆ ಹಾಲಿಗೆ ಬರಬಹುದು.

ಉಳಿದ ಹಣ್ಣನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಒಳ್ಳೆಯ ಗೊಬ್ಬರ ಆಗುತ್ತದೆ. ಕೊಟ್ಟಿಗೆಯ ಹತ್ತಿರ ರಾಶಿ ಹಾಕಬೇಡಿ. ಹಗ್ಗ ಬಿಚ್ಚಿಕೊಂಡ ದನಕ್ಕೆ ಅದು ಅಪಾಯ, ಕಾಡಂಚಿನ ಮನೆಗಳಲ್ಲಿ ಕರಡಿಯನ್ನೂ ಅದು ಅಂಗಳಕ್ಕೆ ಕರೆಯುತ್ತದೆ.

ಕುಂಬಳವನ್ನು ಹೇಗೆ ಬಳಸಬೇಕು?

ಸಿಹಿಗುಂಬಳದ ದೊಡ್ಡ ಗುಣ ಅದರ ಕೆಂಪು ಬಣ್ಣ, ಅಂದರೆ ಕೆರೋಟಿನ್. ಮಳೆಗಾಲದಲ್ಲಿ ಹಸಿರು ಹುಲ್ಲು ಧಾರಾಳ ಸಿಗುವಾಗ ಹಸುವಿಗೆ ಬೇಕಾದಷ್ಟು ಕೆರೋಟಿನ್ ಹುಲ್ಲಿನಿಂದಲೇ ಬರುತ್ತದೆ. ಆಗ ಕುಂಬಳ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಮಾರ್ಚಿಯಿಂದ ಮೇ ತನಕ ಬರೀ ಭತ್ತದ ಒಣಹುಲ್ಲಿನ ಮೇಲೆ ದನ ನಿಲ್ಲುತ್ತವೆ. ಬಿಸಿಲಿಗೆ ಒಣಗಿದ ಹುಲ್ಲಿನಲ್ಲಿ ಕೆರೋಟಿನ್ ಉಳಿಯುವುದಿಲ್ಲ. ಬಹುಕಾಲ ಕೊರತೆಯಾದರೆ ಹಸು ಸರಿಯಾಗಿ ಬೆದೆಗೆ ಬರುವುದಿಲ್ಲ, ಗಬ್ಬ ನಿಲ್ಲುವುದು ಕಷ್ಟ, ಕಸ ಬೀಳುವುದು ತಡ, ಹುಟ್ಟುವ ಕರು ಬಲಹೀನ. ಬೇಸಿಗೆಯ "ಬೆದೆಗೆ ಬರ್ತಾ ಇಲ್ಲ" ಎನ್ನುವ ಕರೆಗಳ ಹಿಂದಿನ ಕಾರಣಗಳಲ್ಲಿ ಇದೂ ಒಂದು.

ಬಲಿತ ಕುಂಬಳ ತೊಟ್ಟಿನ ಸಮೇತ ಕೊಯ್ದು ಅಟ್ಟದ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ. ಮನೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಬೇಸಿಗೆಯ ಹಸುವಿಗೆ ಎಂದು ಎತ್ತಿಡಿ. ಈ ಮಳೆಗಾಲದಲ್ಲಿ ಗೊಬ್ಬರದ ಗುಂಡಿಯ ಅಂಚಿಗೆ ನಾಲ್ಕು ಬೀಜ ಹೆಚ್ಚು ಹಾಕಿದರೆ ಅಷ್ಟೇ ಸಾಕು.

ಕೊಡುವ ಕ್ರಮ: ದೊಡ್ಡ ಹಸುವಿಗೆ 2 ಕಿಲೊದಿಂದ ಶುರು ಮಾಡಿ ದಿನಕ್ಕೆ 8 ಕಿಲೊ ತನಕ. ಗಿಡ್ಡ ಹಸುವಿಗೆ 2ರಿಂದ 3 ಕಿಲೊ. ಬೇಯಿಸಬೇಕಿಲ್ಲ. ಆದರೆ ಸಣ್ಣದಾಗಿ ಹೆಚ್ಚಿ ಹಾಕಿ. ಮುಷ್ಟಿ ಗಾತ್ರದ ಗಟ್ಟಿ ಹೋಳು ಗಂಟಲಿಗೆ ಸಿಕ್ಕಿಕೊಂಡರೆ ಹಸು ಜೊಲ್ಲು ಸುರಿಸುತ್ತ ಕತ್ತು ಚಾಚಿ ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ. ಹಾಗಾದರೆ ಕೋಲು ತುರುಕಬೇಡಿ, ನೀರು ಹೊಯ್ಯಬೇಡಿ, ವೈದ್ಯರನ್ನು ಕರೆಸಿ. ಕೊಳೆತ ಭಾಗ ಕತ್ತರಿಸಿ ತೆಗೆಯಿರಿ. ಹೋಳು ನಾಲಿಗೆಗೆ ಕಹಿ ಎನಿಸಿದರೆ ಅದು ನಮಗೂ ಬೇಡ, ದನಕ್ಕೂ ಬೇಡ. ಕುಂಬಳದ ಬೀಜ ಒಂದಿಷ್ಟು ಹೋದರೆ ತೊಂದರೆ ಇಲ್ಲ, ಆದರೆ "ಬೀಜ ಹಾಕಿದ್ದೇನೆ, ಜಂತಿನ ಔಷಧ ಬೇಡ" ಎಂದು ಬಿಡಬೇಡಿ. ಜಂತಿನ ಔಷಧವನ್ನು ಸಮಯಕ್ಕೆ ಸರಿಯಾಗಿ ಕೊಡಲೇಬೇಕು.

ಎಮ್ಮೆ ಸಾಕುವ ಗೌಳಿ ತಾಯಂದಿರಿಗೆ ಒಂದು ಮಾತು. ಹಸು ತಿಂದ ಕೆರೋಟಿನ್ ಸ್ವಲ್ಪ ಹಾಲಿಗೆ ಹಾಗೇ ಬಂದು ತುಪ್ಪ ಹಳದಿಯಾಗುತ್ತದೆ. ಎಮ್ಮೆ ಅದನ್ನು ಎ ಜೀವಸತ್ವವಾಗಿ ಬದಲಿಸಿಯೇ ಹಾಲಿಗೆ ಕೊಡುತ್ತದೆ, ಅದಕ್ಕೇ ಎಮ್ಮೆ ತುಪ್ಪ ಬೆಳ್ಳಗೆ. ತುಪ್ಪ ಹಳದಿಯಾಗಲಿಲ್ಲ ಎಂದು ಎಮ್ಮೆಗೆ ಕುಂಬಳ ದಂಡ ಎಂದುಕೊಳ್ಳಬೇಡಿ.

ಡೇರಿಯಲ್ಲಿ ಫ್ಯಾಟ್ ಇಳಿಯಿತೇ?

ಹಲಸಿನ ಕಾಲದಲ್ಲಿ ಹಸು ಬೀಳದಿದ್ದರೂ ಸಂಘದ ಯಂತ್ರ ನಿಮಗೆ ಎಚ್ಚರಿಕೆ ಕೊಡುತ್ತದೆ. ನಿಮ್ಮ ಚೀಟಿಯಲ್ಲಿ ಫ್ಯಾಟ್ ಇದ್ದಕ್ಕಿದ್ದಂತೆ ಇಳಿದರೆ, ಅದೇ ಹೊತ್ತಿಗೆ ಸೆಗಣಿ ತೆಳ್ಳಗಾಗಿ ನೊರೆ ಬರುತ್ತಿದ್ದರೆ, ಹೊಟ್ಟೆ ಸಣ್ಣಗೆ ಹುಳಿಯಾಗುತ್ತಿದೆ ಎಂದು ಸಂಶಯಪಡಿ. ನಾರು ತಿನ್ನುವ ಗುಂಪು ಸೊರಗಿದೆ, ಫ್ಯಾಟ್ ತಯಾರಾಗುತ್ತಿಲ್ಲ. ಹಲಸು ನಿಲ್ಲಿಸಿ, ಒಣಹುಲ್ಲು ಹೆಚ್ಚಿಸಿ. ನಾಲ್ಕೈದು ದಿನದಲ್ಲಿ ಚೀಟಿ ನೋಡಿ. ಎಳೆ ಹುಲ್ಲಿನಿಂದಲೂ ಮಳೆಗಾಲದ ಆರಂಭದಲ್ಲಿ ಫ್ಯಾಟ್ ಇಳಿಯುತ್ತದೆ. ಅದಕ್ಕೂ ಮೊದಲ ಮದ್ದು ಒಣಹುಲ್ಲೇ.

ಹಸು ಹೆಚ್ಚು ಹಲಸು ತಿಂದಿದೆ ಎಂದು ಗೊತ್ತಾದರೆ

ಲಕ್ಷಣ ಬರುವ ತನಕ ಕಾಯಬೇಡಿ. ತಿಂದದ್ದು ಗೊತ್ತಾದ ತಕ್ಷಣ ಹೀಗೆ ಮಾಡಿ:

ಮೊದಲು, ಉಳಿದ ಹಣ್ಣು ತೆಗೆಯಿರಿ. ಗಂಜಿ, ಅನ್ನ, ಬೆಲ್ಲ, ಹಿಂಡಿ, ಅಕ್ಕಚ್ಚು ಯಾವುದನ್ನೂ ಕೊಡಬೇಡಿ. ಅವೆಲ್ಲ ಹುಳಿಗೆ ಇನ್ನಷ್ಟು ಹುಳಿ ಸೇರಿಸುತ್ತವೆ. ಮುಂದೆ ಒಣಹುಲ್ಲು ಮಾತ್ರ ಇಡಿ.

ಎರಡನೆಯದು, ಕರೆ ಮಾಡಿ. ಸಂಘದ ಕಾರ್ಯದರ್ಶಿಗೆ, ಒಕ್ಕೂಟದ ಪಶುವೈದ್ಯರಿಗೆ ಅಥವಾ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ. ಏನು ತಿಂದಿದೆ, ಎಷ್ಟು, ಎಷ್ಟು ಹೊತ್ತಾಯಿತು, ಗಬ್ಬ ಇದೆಯೇ, ಈ ನಾಲ್ಕು ವಿಷಯ ಹೇಳಿ.

ಮೂರನೆಯದು, ಎಡಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಹಿಡಿಯಿರಿ. ಆರೋಗ್ಯದ ಹಸುವಿನಲ್ಲಿ 2 ನಿಮಿಷಕ್ಕೆ 2-3 ಸಲ ಹೊಟ್ಟೆ ನಿಮ್ಮ ಮುಷ್ಟಿಯನ್ನು ಹೊರಗೆ ತಳ್ಳುತ್ತದೆ. ತಳ್ಳದಿದ್ದರೆ, ನೀರು ಕುಲುಕಿದಂತೆ ಆದರೆ, ಅದನ್ನೂ ವೈದ್ಯರಿಗೆ ತಿಳಿಸಿ.

ನಾಲ್ಕನೆಯದು, ವೈದ್ಯರು ಫೋನಿನಲ್ಲಿ ಹೇಳಿದರೆ ಮಾತ್ರ ಅಡುಗೆ ಸೋಡಾ. ದೊಡ್ಡ ಹಸುವಿಗೆ 100 ಗ್ರಾಂ, ಗಿಡ್ಡ ಹಸುವಿಗೆ 40 ಗ್ರಾಂ, ಒಂದೆರಡು ಲೀಟರ್ ನೀರಿನಲ್ಲಿ ಕರಗಿಸಿ ನಿಧಾನ ಕುಡಿಸಿ. ಹಸು ನಿಂತಿರಬೇಕು, ತಾನೇ ನುಂಗುವಂತಿರಬೇಕು. ತಲೆ ಬಹಳ ಮೇಲೆತ್ತಬೇಡಿ, ನಾಲಿಗೆ ಎಳೆಯಬೇಡಿ. ಕೆಮ್ಮಿದರೆ ನಿಲ್ಲಿಸಿ. ಬಿದ್ದ ಹಸುವಿಗೆ ಬಾಯಿಯಿಂದ ಏನನ್ನೂ ಹೊಯ್ಯಬೇಡಿ, ಪುಪ್ಪುಸಕ್ಕೆ ಹೋಗಿ ಸಾಯುತ್ತದೆ. ಬಟ್ಟೆ ಒಗೆಯುವ ಸೋಡಾ ಬೇರೆ, ಅಡುಗೆ ಸೋಡಾ ಬೇರೆ, ಪೊಟ್ಟಣ ನೋಡಿ.

ನಮ್ಮ ಊರುಗಳ ದೂರ ನಿಮಗೆ ಗೊತ್ತು. ಕಾಡಿನ ರಸ್ತೆ, ಮಳೆ, ಸಿಗ್ನಲ್ ಇಲ್ಲದ ಜಾಗ. ವೈದ್ಯರು ಹೊರಟರೂ ಮುಟ್ಟಲು ಹೊತ್ತಾಗುತ್ತದೆ. ಹಾಗಾಗಿ ಅಡುಗೆ ಸೋಡಾ 200 ಗ್ರಾಂ ಪೊಟ್ಟಣ ಒಂದನ್ನು ಮೇ ತಿಂಗಳಲ್ಲೇ ತಂದು ಕೊಟ್ಟಿಗೆಯ ಮಾಡಿನಲ್ಲಿ ಡಬ್ಬಿಗೆ ಹಾಕಿಡಿ. ಡಬ್ಬಿಯ ಮೇಲೆ 1962 ಎಂದು ದೊಡ್ಡದಾಗಿ ಬರೆಯಿರಿ. ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಸಂಘದ ಸಭೆಯಲ್ಲಿ ಮಾಡಿ ನೋಡಿ

ಮುಂದಿನ ಸಭೆಗೆ ಒಂದು ಹಲಸಿನ ಹಣ್ಣು, ಒಂದು ಸಿಹಿಗುಂಬಳ ತನ್ನಿ. ಇಡೀ ಹಣ್ಣನ್ನು ತೂಗಿ, ಬಿಡಿಸಿ, ತೊಳೆಯನ್ನು ಬೇರೆ ತೂಗಿ. ಹೆಚ್ಚಾಗಿ ಹಣ್ಣಿನ ಮೂರರಲ್ಲಿ ಒಂದು ಪಾಲಿನಷ್ಟು ತೊಳೆ ಸಿಗುತ್ತದೆ. ಆಮೇಲೆ ಈ ಪ್ರಶ್ನೆಗಳಿಗೆ ಎಲ್ಲರೂ ಸೇರಿ ಉತ್ತರ ಹುಡುಕಿ:

ಈ ಹಣ್ಣಿನ ತೊಳೆಯಲ್ಲಿ ಎಷ್ಟು ಸಕ್ಕರೆ ಇದೆ? (ತೊಳೆಯ ತೂಕದ ಐದನೇ ಒಂದು ಪಾಲು.)
ನಿಮ್ಮ ಹಸುವಿಗೆ ಈ ತೊಳೆಯನ್ನು ಎಷ್ಟು ದಿನಕ್ಕೆ ಹಂಚಬೇಕು?
ಇಷ್ಟೇ ಸಕ್ಕರೆ ಹೋಗಬೇಕಾದರೆ ಎಷ್ಟು ಕಿಲೊ ಕುಂಬಳ ತಿನ್ನಬೇಕು? (ನಾಲ್ಕು ಪಟ್ಟು.)

ತೊಳೆ ಎಲ್ಲರೂ ಹಂಚಿಕೊಂಡು ತಿನ್ನಿ. ಕುಂಬಳದ ಬೀಜ ತೆಗೆದು ಮನೆಗೊಂದಿಷ್ಟು ಒಯ್ದು ಬಿತ್ತಿ. ಗೂಂಜು, ನಾರು, ಸಿಪ್ಪೆ ಯಾರ ಹಸುವಿಗೆ ಎಷ್ಟು ಎಂದು ತೂಗಿ ಒಯ್ಯಿರಿ. ಲೆಕ್ಕ ತಪ್ಪಿದರೆ ಬಂದು ಕೇಳಿ, ನಾವಿದ್ದೇವೆ.

ನಿಮ್ಮ ಹಸು ಸುಖವಾಗಿರಲಿ, ಕ್ಯಾನು ತುಂಬಲಿ.

ಪಶುವೈದ್ಯಾಧಿಕಾರಿ